ಸಣ್ಣ ಏರ್‌ಲೈನ್ ಸೇರಲಾ, ದೊಡ್ಡದಕ್ಕೆ ಕಾಯಲಾ?

ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಾಟ ಕಲಿತು, 200 ಗಂಟೆ ಮುಗಿಸಿ ಸಿಪಿಎಲ್ (ಸಂಬಳಕ್ಕೆ ವಿಮಾನ ಓಡಿಸುವ ಲೈಸೆನ್ಸ್) ಹಿಡಿದು ಬರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಇದು.

ದೊಡ್ಡ ಕಂಪನಿಯಲ್ಲಿ 180 ಸೀಟಿನ ಏರ್‌ಬಸ್ ಎ320 ಸಿಗುತ್ತದೆ. ಅದರ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಓಡಿಸುವ ಅರ್ಹತೆ ಇದ್ದರೆ ಮುಂದೆ ಬೇರೆ ಕಡೆಯೂ ಬೇಡಿಕೆ ಜಾಸ್ತಿ. ಸಂಬಳವೂ ಸಾಮಾನ್ಯವಾಗಿ ಹೆಚ್ಚು.

ಸಣ್ಣ ಕಂಪನಿಯ ಕಥೆ ಬೇರೆ. ಬೆಂಗಳೂರಿನ ಸ್ಟಾರ್ ಏರ್ ಓಡಿಸುವುದು 50 ಸೀಟಿನ ಎಂಬ್ರೇಯರ್ 145, 76 ಸೀಟಿನ 175. ಇಂಥ ಕಡೆ ಹಾರಾಟ ಚಿಕ್ಕದು, ಹಾಗಾಗಿ ಟೇಕಾಫ್, ಲ್ಯಾಂಡಿಂಗ್ ಜಾಸ್ತಿ. ಕೈ ಪಳಗುವುದು ಅಲ್ಲೇ ಅಲ್ವಾ? ಸೀನಿಯರ್‌ಗಳು ದೊಡ್ಡ ಕಂಪನಿಗೆ ಹೋಗುತ್ತಿದ್ದರೆ ಕ್ಯಾಪ್ಟನ್ ಸೀಟೂ ಬೇಗ ಖಾಲಿಯಾಗುತ್ತದೆ. ಆದರೆ 1,500 ಗಂಟೆ ಹಾರಿ ಎಟಿಪಿಎಲ್ (ಸಿಪಿಎಲ್‌ಗಿಂತ ಮೇಲಿನ ಲೈಸೆನ್ಸ್) ಪಡೆಯದೆ ಆ ಸೀಟು ಸಿಗುವುದಿಲ್ಲ.

ಬಾಂಡ್ ಮಾತ್ರ, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂದು ಸಹಿ ಹಾಕುವ ಒಪ್ಪಂದ, ಎರಡು ಸಲ ಓದಿ. ತರಬೇತಿಗೆ ಹಾಕಿದ ದುಡ್ಡು ಪೈಲಟ್ ಜೊತೆ ಹೊರಟುಹೋದರೆ ಸಣ್ಣ ಕಂಪನಿಗೆ ಪೆಟ್ಟು ದೊಡ್ಡದು. ಅದಕ್ಕೇ ಕಟ್ಟಿಹಾಕುತ್ತಾರೆ. ಇದಲ್ಲದೆ, ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಕೋ-ಪೈಲಟ್‌ಗೆ 6 ತಿಂಗಳು, ಕ್ಯಾಪ್ಟನ್‌ಗೆ 1 ವರ್ಷ ನೋಟಿಸ್ ಅವಧಿ ಇದೆ.

ನನ್ನ ಮಾತು ಕೇಳಿದರೆ, ಕೈಯಲ್ಲಿ ಸಣ್ಣ ಕಂಪನಿಯ ಆಫರ್ ಇದ್ದರೆ ಸುಮ್ನೆ ಕಾಯಬೇಡಿ, ಸೇರಿಕೊಳ್ಳಿ. ಹಾರದೆ ಕೂತರೆ ಕಲಿತದ್ದು ಮಂಕಾಗುತ್ತದೆ.