ಗೇರಿಲ್ಲದ ಹಬ್ ಮೋಟರ್, ಮೂರು ವರ್ಷದ ಬಳಕೆಯ ನಂತರ: ಬಿಸಿ ಹೊರಹೋಗುವ ದಾರಿ

ಹಳೆಯ 26 ಇಂಚಿನ ಸೈಕಲ್ಲಿನ ಹಿಂದಿನ ಚಕ್ರಕ್ಕೆ 48 ವೋಲ್ಟ್, 1000 ವಾಟ್‌ನ ಗೇರಿಲ್ಲದ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ವಿದ್ಯುತ್ ಮೋಟರ್) ಹಾಕಿಸಿ ಮೂರು ವರ್ಷಗಳಾದವು. ವಾರವಿಡೀ ಮೈಸೂರಿನ ಸಮತಟ್ಟಾದ ರಸ್ತೆಗಳಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಊರೊಳಗೆ ಈ ಮೋಟರ್ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಏರುದಾರಿಯಲ್ಲಿ ಅದು ಬಿಸಿಯಾಗುವ ವಿಚಾರ ಮಾತ್ರ.

ಎರಡನೆಯ ತಿಂಗಳಲ್ಲೇ ಬೆಟ್ಟದ ಮೇಲೆ ಸೈಕಲ್ ನಿಲ್ಲಿಸಿದಾಗ ವಾರ್ನಿಶ್ ಸುಟ್ಟಂತಹ ವಾಸನೆ ಬಂದಿತು. ಗಾಬರಿಯಿಂದ ಮೋಟರಿನ ಮುಚ್ಚಳ ಮುಟ್ಟಿದರೆ ಅದು ಬರೀ ಬೆಚ್ಚಗಿತ್ತು. ಕಾರಣ ನಂತರ ತಿಳಿಯಿತು. ಬಿಸಿ ಹುಟ್ಟುವುದು ಒಳಗೆ ತಿರುಗದೆ ನಿಂತಿರುವ ಭಾಗವಾದ ಸ್ಟೇಟರಿನ ತಾಮ್ರದ ಸುರುಳಿಗಳಲ್ಲಿ. ಹೊರಗಿನ ಗಾಳಿ ತಾಗುವುದು ಆಯಸ್ಕಾಂತಗಳನ್ನು ಹೊತ್ತು ತಿರುಗುವ ಹೊರಕವಚಕ್ಕೆ. ಇವೆರಡರ ನಡುವೆ ಇರುವ ಕಿರಿದಾದ ಸಂದಿನಲ್ಲಿ ತುಂಬಿರುವುದು ಗಾಳಿ, ಅದಾದರೋ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಸುರುಳಿ 25 ಡಿಗ್ರಿಯಿಂದ 100 ಡಿಗ್ರಿಗೆ ಏರಿದರೆ ತಾಮ್ರದ ರೋಧ ಸುಮಾರು ಶೇ. 30ರಷ್ಟು ಹೆಚ್ಚುವುದರಿಂದ, ಅದೇ ಕರೆಂಟಿಗೆ ಬಿಸಿ ಇನ್ನಷ್ಟು ಹುಟ್ಟುತ್ತದೆ. ಮುಚ್ಚಳ ಬಿಚ್ಚಿಸಿ ಸುರುಳಿಗಳ ನಡುವೆ ಬಿಸಿ ಅಳೆಯುವ ಒಂದು ಥರ್ಮಿಸ್ಟರ್ ಕೂರಿಸಿದೆ. ಮುಂದಿನ ಭಾನುವಾರ ಬೆಟ್ಟದ ತುದಿಯಲ್ಲಿ ಅದು 118 ಡಿಗ್ರಿ ತೋರಿಸಿತು.

ಮೊದಲ ಪ್ರಯತ್ನ ಎಲ್ಲರೂ ಹೇಳುವಂಥದ್ದೇ: ಎರಡೂ ಮುಚ್ಚಳಗಳಿಗೆ ತೂತು ಕೊರೆಸುವುದು. ಆಕ್ಸಲಿನ ಹತ್ತಿರದ ತೂತುಗಳಿಂದ ಗಾಳಿ ಒಳಬಂದು, ಸುತ್ತುವ ರಭಸಕ್ಕೆ ಅಂಚಿನ ತೂತುಗಳಿಂದ ಹೊರಹೋಗಬೇಕು. ಲೇತ್ ಅಂಗಡಿಯಲ್ಲಿ ಅಚ್ಚುಕಟ್ಟಾಗಿಯೇ ಕೊರೆದುಕೊಟ್ಟರು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಮೋಟರ್ ಗಮನಾರ್ಹವಾಗಿ ತಂಪಾಯಿತು. ಆದರೆ ಅಲ್ಲಿ ನನಗೆ ತಂಪು ಬೇಕಾಗಿಯೇ ಇರಲಿಲ್ಲ. ಬೆಟ್ಟದಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಈ ಚಕ್ರ ನಿಮಿಷಕ್ಕೆ ಸುತ್ತುವುದು ನೂರು ಸಲದಷ್ಟೇ. ಅಷ್ಟು ನಿಧಾನಕ್ಕೆ ಸುತ್ತುವ, ರೆಕ್ಕೆಗಳಿಲ್ಲದ ಮುಚ್ಚಳ ಗಾಳಿಯನ್ನು ತಳ್ಳುವುದಿಲ್ಲ. ಅಳತೆ ಬರೀ ಹತ್ತು ಡಿಗ್ರಿ ಇಳಿಯಿತು.

ಅಕ್ಟೋಬರಿನ ಮಳೆಗೆ ಆ ತೂತುಗಳ ಬೆಲೆ ಗೊತ್ತಾಯಿತು. ಒಂದು ಸಂಜೆ ಮೋಟರ್ ತಡವರಿಸಿ ನಿಂತಿತು. ಬಿಚ್ಚಿ ನೋಡಿದರೆ ಸ್ಟೇಟರಿನ ಉಕ್ಕಿನ ಪದರಗಳ ಅಂಚಿಗೆ ಕಂದು ತುಕ್ಕು ಕಟ್ಟಿತ್ತು, ಅದರ ಮೇಲೆ ಕೆಸರು ಒಣಗಿ ಅಂಟಿತ್ತು, ಆಯಸ್ಕಾಂತಗಳು ಎಲ್ಲಿವೆಯೆಂದು ತಿಳಿಸುವ ಒಂದು ಹಾಲ್ ಸೆನ್ಸರಿನ ಕಾಲು ಹಸಿರುಗಟ್ಟಿ ಮುರಿದಿತ್ತು. ಮಾರಿದ ಅಂಗಡಿಯವರು ತೂತು ಕೊರೆದದ್ದರಿಂದ ವಾರಂಟಿ ಇಲ್ಲವೆಂದರು, ಅದು ನ್ಯಾಯವೇ.

ಎರಡನೆಯ ಪ್ರಯತ್ನಕ್ಕೆ ಹೊಸ ಮುಚ್ಚಳ ಹಾಕಿಸಿ ಮೋಟರನ್ನು ಮುಚ್ಚಿಯೇ ಇಟ್ಟೆ. ಕೆನಡಾದ ವ್ಯಾಂಕೂವರಿನ ಗ್ರಿನ್ ಟೆಕ್ನಾಲಜೀಸ್ ಮಾರುವ ಸ್ಟೇಟರೇಡ್ ಎಂಬ, ಆಯಸ್ಕಾಂತದ ಸೆಳೆತಕ್ಕೆ ಸಿಗುವ ಫೆರೋದ್ರವವನ್ನು ಕೆಲವೇ ಮಿಲಿಲೀಟರಿನಷ್ಟು ಒಳಗೆ ಬಿಟ್ಟೆ. ರಾಕೆಟ್ ಇಂಧನವನ್ನು ತೂಕವಿಲ್ಲದ ಸ್ಥಿತಿಯಲ್ಲಿ ಆಯಸ್ಕಾಂತದಿಂದ ಎಳೆದುಕೊಳ್ಳಲು 1963ರಲ್ಲಿ ನಾಸಾದಲ್ಲಿ ರೂಪಿಸಿದ ದ್ರವದ ವಂಶವಿದು. ಆಯಸ್ಕಾಂತಗಳ ಸೆಳೆತಕ್ಕೆ ಅದು ಆ ಸಂದಿನಲ್ಲೇ ನಿಂತು, ಸ್ಟೇಟರಿನ ಬಿಸಿಯನ್ನು ಕವಚಕ್ಕೆ ದಾಟಿಸುತ್ತದೆ. ಅಲ್ಲಿಂದ ಮುಂದಿನ ಕೆಲಸ ಹೊರಗಿನ ಗಾಳಿಯದು. ಅದೇ ದಾರಿ, ಅದೇ ಭಾರ, ತುದಿಯಲ್ಲಿ 87 ಡಿಗ್ರಿ. ಹಿಂದೆ ಬೆಚ್ಚಗಿರುತ್ತಿದ್ದ ಕವಚದ ಮೇಲೆ ಈಗ ಅಂಗೈ ಇಡಲಾಗುವುದಿಲ್ಲ, ಮತ್ತು ಅದನ್ನು ಕಂಡಾಗಲೆಲ್ಲ ನನಗೆ ಸಮಾಧಾನವಾಗುತ್ತದೆ. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದರೆ ಮೊದಲಿಗಿಂತ ಸ್ವಲ್ಪ ಬೇಗ ನಿಲ್ಲುತ್ತದೆ. ಓಡಿಸುವಾಗ ಆ ವ್ಯತ್ಯಾಸ ತಿಳಿಯುವುದಿಲ್ಲ.

ಒಳಗೆ ಗೇರು ಇರುವ ಹಬ್ ಮೋಟರಿನಲ್ಲಿ ಆಯಸ್ಕಾಂತಗಳು ಹೊರಕವಚಕ್ಕೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ಈ ಉಪಾಯ ಅದಕ್ಕೆ ಹೊಂದುವುದಿಲ್ಲ. ಗೇರಿಲ್ಲದ ಮೋಟರ್ ಇರುವವರು ಬ್ಯಾಟರಿಗೆ ವಿದ್ಯುತ್ ಮರಳಿಸುತ್ತ ಇಳಿಯುವಾಗಲೂ ಸುರುಳಿಗಳು ಬಿಸಿಯಾಗುತ್ತವೆಂಬುದನ್ನು ಗಮನಿಸಬೇಕು. ನಾನು ಈಗ ಬೆಟ್ಟದ ಮೇಲೆ ಅಳತೆ 60 ಡಿಗ್ರಿಗೆ ಇಳಿಯುವವರೆಗೆ ಕಾದು, ಆಮೇಲೆ ಹೊರಡುತ್ತೇನೆ.