ಗಂಟೆ ಚೆಂಡಿಗೆ ದುಡ್ಡು ಕೊಡಿ, ಕಾರ್ಡುಗಳಿಗೆ ಬೇಡ: ಮಕ್ಕಳ ಪ್ಯಾರಾಲಿಂಪಿಕ್ ಕಿಟ್ ಬಗ್ಗೆ

ಗದಗ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುತ್ತೇನೆ. ಪ್ರಾಥಮಿಕ ಶಾಲೆ ಮಕ್ಕಳಿಗೆ ಅಂತ ಮಾರುವ ಒಂದು ಪ್ಯಾರಾಲಿಂಪಿಕ್ (ಅಂಗವಿಕಲ ಆಟಗಾರರ ಒಲಿಂಪಿಕ್ಸ್ ಥರದ ಕೂಟ) ಕಿಟ್ಟನ್ನು ಹೋದ ಜೂನ್‌ನಲ್ಲಿ ಆನ್‌ಲೈನ್‌ನಲ್ಲಿ ತರಿಸಿದೆ. 2,900 ರೂಪಾಯಿ. ಒಳಗೆ ಒಂದು ಗಂಟೆ ಚೆಂಡು (ಹೊಟ್ಟೆಯಲ್ಲಿ ಗಂಟೆ ಇರುವ, ಉರುಳಿದರೆ ಸದ್ದು ಮಾಡುವ ಚೆಂಡು), ಆರು ಕಣ್ಣುಪಟ್ಟಿ, 13 ಬೋಚಾ (ಗಾಲಿಕುರ್ಚಿಯಲ್ಲಿ ಕೂತು ಚೆಂಡು ಎಸೆಯುವ ಆಟ) ಚೆಂಡು, 20 ಆಟಗಾರರ ಚಿತ್ರದ ಕಾರ್ಡು, ಶಿಕ್ಷಕರಿಗೆ ಒಂದು ಇಂಗ್ಲಿಷ್ ಕೈಪಿಡಿ. ಏಳು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೇರೆ ಶಾಲೆಯವರು ತಗೊಳ್ಳಬೇಕೋ ಬೇಡವೋ ಅಂತ ಕೇಳುತ್ತಿದ್ದಾರೆ, ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ.

ಯಾಕೆ ತರಿಸಿದೆ ಅನ್ನೋದನ್ನು ಮೊದಲು ಹೇಳುತ್ತೇನೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ 29 ಪದಕ ಬಂದಿದ್ದವು. ಅದರಲ್ಲಿ ಏಳು ಚಿನ್ನ. ಅದನ್ನು ತರಗತಿಯಲ್ಲಿ ಹೇಳುವ ಮುಂಚೆ ಸುಮ್ನೆ ಒಂದು ಪ್ರಶ್ನೆ ಕೇಳಿದೆ. ಕಣ್ಣು ಕಾಣದವರು ಏನು ಮಾಡುತ್ತಾರೆ? ಇಡೀ ತರಗತಿ ಒಂದೇ ದನಿಯಲ್ಲಿ, "ಹಾಡ್ತಾರ್ರೀ ಅಕ್ಕೋರ!" ಅಂತು. ಗದಗಿನ ಮಕ್ಕಳು ಇದನ್ನಲ್ಲದೆ ಇನ್ನೇನು ಹೇಳಬೇಕು? ನಮ್ಮಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದ ಊರು ಇದು. ಹಾರ್ಮೋನಿಯಂ ಮುಂದೆ ಕೂತ ಗವಾಯಿಗಳ ಫೋಟೊ ಇಲ್ಲದ ಮನೆ ಕಡಿಮೆ. ಹಾಗಾಗಿ ನಮ್ಮ ಮಕ್ಕಳಿಗೆ ಕುರುಡು ಅಂದ ಕೂಡಲೇ ಪಾಪ ಅನ್ನೋದಕ್ಕಿಂತ ಮೊದಲು ಹಾಡು ನೆನಪಾಗುತ್ತೆ. ಇದು ನನಗೆ ನಿಜಕ್ಕೂ ಹೆಮ್ಮೆ. ಆದರೆ ಓಡುತ್ತಾರಾ ಅಂತ ಕೇಳಿದೆ ನೋಡಿ, ಎಲ್ಲರೂ ಸುಮ್ಮನಾದರು. ಒಬ್ಬ ಮಾತ್ರ ಮೆಲ್ಲಗೆ "ಬೀಳ್ತಾರ್ರೀ" ಅಂದ. ಅವತ್ತೇ ರಾತ್ರಿ ಕಿಟ್ ಹುಡುಕಿದೆ.

ಗಂಟೆ ಚೆಂಡು ಈ ಡಬ್ಬದ ಜೀವ. ಇದು ಗೋಲ್‌ಬಾಲ್ ಆಟದ್ದು. ಆ ಆಟ ಬೇರೆ ಯಾವುದೋ ಆಟವನ್ನು ಅಂಧರಿಗಾಗಿ ಬದಲಾಯಿಸಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ್ದೇ ಹಾಗೆ. ಒಂದೊಂದು ಕಡೆ ಮೂವರು. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಅಂಕಣದ ಅಗಲ ಎಷ್ಟಿದೆಯೋ ಗೋಲೂ ಅಷ್ಟೇ ಅಗಲ. ಎಲ್ಲರ ಕಣ್ಣಿಗೂ ಪಟ್ಟಿ, ಸ್ವಲ್ಪ ಕಾಣುವವರಿಗೂ ಕೂಡ, ಆಗ ಎಲ್ಲರೂ ಸಮ. ಚೆಂಡಿನ ಗಂಟೆ ಕೇಳಿ ಮೈ ಅಡ್ಡ ಹಾಕಿ ತಡೆಯಬೇಕು. ಅಸಲಿ ಚೆಂಡು 1.25 ಕಿಲೋ ತೂಗುತ್ತೆ. ನಮ್ಮದನ್ನು ಕಿರಾಣಿ ಅಂಗಡಿ ತಕ್ಕಡಿಗೆ ಹಾಕಿದರೆ 900 ಗ್ರಾಂ ಬಂತು. ಮಕ್ಕಳಿಗೆ ಅದೇ ಒಳ್ಳೆಯದು ಅಂತ ನನಗೆ ಅನ್ನಿಸಿತು, ನಾಲ್ಕನೆಯವರ ಹೊಟ್ಟೆಗೆ 1.25 ಕಿಲೋ ಬಡಿಯೋದು ಬೇಡ.

ಮೊದಲ ದಿನ ಮೈದಾನದಲ್ಲೇ ಆಡಿಸಿದೆ. ಪೂರ್ತಿ ಕೆಟ್ಟಿತು. ನಮ್ಮ ಕಡೆ ಆಷಾಢದ ಗಾಳಿ ಹೇಗಿರುತ್ತೆ ಅಂತ ಈ ಕಡೆಯವರಿಗೆ ಗೊತ್ತು, ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಆ ಗಾಳಿಯಲ್ಲಿ ಗಂಟೆ ಎರಡು ಮಾರು ದೂರಕ್ಕೂ ಕೇಳಲಿಲ್ಲ. ಮಣ್ಣಿನ ಮೇಲೆ ಉರುಳಿದರೆ ದನಿ ಇನ್ನೂ ಕಡಿಮೆ. ಆಮೇಲೆ ದೊಡ್ಡ ಕೋಣೆಯ ಬೆಂಚುಗಳನ್ನೆಲ್ಲ ಹೊರಗಿಟ್ಟೆವು. 9 ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲದ ಅಂಕಣ, ಅಂದರೆ ಅಸಲಿಯ ಅರ್ಧರ್ಧ ಅಳತೆ. ಗೆರೆಗೆ ಸುತಲಿ ಎಳೆದು ಮೇಲೆ ಟೇಪ್ ಅಂಟಿಸಿದೆವು. ನಿಜವಾದ ಅಂಕಣದಲ್ಲೂ ಹೀಗೇ ಟೇಪಿನ ಕೆಳಗೆ ದಾರ ಇರುತ್ತೆ, ಕೈಯಲ್ಲಿ ಮುಟ್ಟಿ ತಾನು ಎಲ್ಲಿದ್ದೇನೆ ಅಂತ ಆಟಗಾರ ತಿಳಿದುಕೊಳ್ಳುತ್ತಾನೆ. ನಯವಾದ ನೆಲದ ಮೇಲೆ ಚೆಂಡು ಬಿಟ್ಟಾಗ ಗಂಟೆ ಸ್ಪಷ್ಟವಾಗಿ ಕೇಳಿತು. ಕೈಪಿಡಿಯಲ್ಲಿ ಒಳಾಂಗಣ ಅನ್ನೋ ಒಂದು ಮಾತು ದಪ್ಪ ಅಕ್ಷರದಲ್ಲಿ ಇದ್ದಿದ್ದರೆ ನಮ್ಮ ಎರಡು ವಾರ ಉಳಿಯುತ್ತಿತ್ತು.

ಗೋಲ್‌ಬಾಲ್‌ನಲ್ಲಿ ಚೆಂಡು ಆಟದಲ್ಲಿದ್ದಾಗ ನೋಡುವವರು ಉಸಿರೆತ್ತಬಾರದು. ಗೋಲ್ ಆದ ಮೇಲೆ ಎಷ್ಟು ಬೇಕಾದರೂ ಕೂಗಿ. ನನ್ನ 38 ಮಕ್ಕಳು, ಪ್ರಾರ್ಥನೆಯಲ್ಲೂ ಪಿಸುಗುಡುವ ಮಕ್ಕಳು, ಗೋಡೆಗೆ ಒರಗಿ ಬಾಯಿ ಮುಚ್ಚಿ ಕೂತಿದ್ದರು. ಬಿಸಿಯೂಟದ ಕೋಣೆಯಲ್ಲಿ ಪಾತ್ರೆ ಸದ್ದಾಯಿತು ಅಂತ ಒಬ್ಬಳು ಓಡಿಹೋಗಿ ಅಡುಗೆಯವರಿಗೆ ಹೇಳಿ ಬಂದಳು. ಅವರೂ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತು ನೋಡಿದರು. ಆ ಹತ್ತು ನಿಮಿಷಕ್ಕಾಗಿಯೇ ಈ ಚೆಂಡಿಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ಕಣ್ಣುಪಟ್ಟಿಗಳು ಸರಿಯಿಲ್ಲ. ಮೂಗಿನ ಪಕ್ಕದಿಂದ ಬೆಳಕು ಬರುತ್ತೆ, ಮಕ್ಕಳಿಗೆ ಅದು ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಎರಡು ಪಟ್ಟಿಯ ಇಲಾಸ್ಟಿಕ್ ಒಂದೇ ತಿಂಗಳಿಗೆ ಹೋಯಿತು. ಬೆಟಗೇರಿಯಲ್ಲಿ ಹೊಲಿಗೆ ಮಾಡುವ ಒಬ್ಬರ ಹತ್ತಿರ ಕಪ್ಪು ಬಟ್ಟೆಯಲ್ಲಿ ಹತ್ತಿ ತುಂಬಿಸಿ ಹೊಲಿಸಿಕೊಂಡೆವು.

ಈಗ ಕೈಪಿಡಿಯ ದೊಡ್ಡ ತಪ್ಪು. ಅದರ ಮೊದಲ ಚಟುವಟಿಕೆ ಏನು ಗೊತ್ತಾ? ಮಕ್ಕಳ ಕಣ್ಣು ಕಟ್ಟಿ ಶಾಲೆ ತುಂಬ ಓಡಾಡಿಸಿ, ಆಮೇಲೆ ಹೇಗೆ ಅನ್ನಿಸಿತು ಅಂತ ಬರೆಸಿ. ನಾನೂ ನಂಬಿ ಮಾಡಿಸಿದೆ. ಎಲ್ಲರೂ ಬರೆದದ್ದು ಒಂದೇ: ಹೆದರಿಕೆ ಆಯಿತು, ಅವರ ಬದುಕು ಬಹಳ ಕಷ್ಟ, ದೇವರು ನಮಗೆ ಕಣ್ಣು ಕೊಟ್ಟಿದ್ದಾನೆ. ಹಾಡ್ತಾರೆ ಅಂದಿದ್ದ ಮಕ್ಕಳು ಐದು ನಿಮಿಷದಲ್ಲಿ ಪಾಪ ಅನ್ನೋಕೆ ಶುರು ಮಾಡಿದರು. ನನಗೆ ಬಹಳ ಬೇಜಾರಾಯಿತು. ಐದು ನಿಮಿಷ ಕಣ್ಣು ಕಟ್ಟಿಕೊಂಡವನಿಗೆ ಸಿಗೋದು ಕತ್ತಲೆಯ ಭಯ ಮಾತ್ರ. ಹುಟ್ಟಿದಾಗಿನಿಂದ ಕಿವಿ, ಕೈ, ಕಾಲಿನಿಂದಲೇ ದಾರಿ ಓದಿದವರ ಬದುಕು ಅದರಲ್ಲಿ ಸಿಗೋದಿಲ್ಲ. ಆ ಪುಟ ಬಿಟ್ಟುಬಿಡಿ. ನೇರ ಆಟಕ್ಕೆ ಹೋಗಿ. ನಾಲ್ಕು ವಾರ ಗೋಲ್‌ಬಾಲ್ ಆಡಿದ ಮೇಲೆ ಅದೇ ಮಕ್ಕಳು ಯಾರ ಕಿವಿ ಚುರುಕು ಅಂತ ಜಗಳ ಮಾಡುತ್ತಿದ್ದರು. ಕಣ್ಣು ಕಟ್ಟಿಕೊಂಡರೂ ಅವರ ಬಾಯಲ್ಲಿ ಪಾಪ ಅನ್ನೋ ಮಾತು ಬರಲಿಲ್ಲ, ಯಾಕೆಂದರೆ ಅದನ್ನು ಚೆನ್ನಾಗಿ ಆಡೋದು ಎಷ್ಟು ಕಷ್ಟ ಅಂತ ಅಷ್ಟೊತ್ತಿಗೆ ಮೈಗೆ ಗೊತ್ತಾಗಿತ್ತು.

ಬೋಚಾ ಚೆಂಡಿಗೆ ಬರುತ್ತೇನೆ. ಆರು ಕೆಂಪು, ಆರು ನೀಲಿ, ಒಂದು ಬಿಳಿ. ಬಿಳಿ ಚೆಂಡಿನ ಹತ್ತಿರ ನಿಮ್ಮ ಚೆಂಡು ನಿಲ್ಲಬೇಕು. ಗೋಲಿ ಆಡಿದ ಮಕ್ಕಳಿಗೆ ಇದನ್ನು ಕಲಿಸೋದೇ ಬೇಕಾಗಿಲ್ಲ. ಆದರೆ ಡಬ್ಬದಲ್ಲಿ ಬಂದ ಚೆಂಡುಗಳು ತೀರಾ ಹಗುರ, ಎಸೆದರೆ ಪುಟಿದು ಗೋಡೆಗೆ ಹೋಗುತ್ತವೆ. ಅಸಲಿ ಬೋಚಾ ಚೆಂಡು 275 ಗ್ರಾಂ ಆಸುಪಾಸು, ಮೆತ್ತಗೆ, ಬಿದ್ದಲ್ಲೇ ಕೂರುತ್ತೆ. ನಾವೇ ಮಾಡಿಕೊಂಡೆವು. ಮೊದಲು ಹಳೇ ಕಾಲುಚೀಲಕ್ಕೆ ಜೋಳ ತುಂಬಿದೆವು, ಎರಡೇ ವಾರಕ್ಕೆ ಇಲಿ ತಿಂದುಹಾಕಿತು. ಆಮೇಲೆ ಮರಳು. ಒಂದೊಂದನ್ನೂ ತಕ್ಕಡಿಗೆ ಹಾಕಿ 275 ಗ್ರಾಂ ಮಾಡಿದ್ದು ಐದನೇ ತರಗತಿಯವರೇ. ತೂಕದ ಪಾಠ ಅಲ್ಲೇ ಮುಗಿಯಿತು.

ಬೋಚಾದಲ್ಲಿ ಒಂದು ನಿಯಮ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಕೈಯಿಂದ ಎಸೆಯೋಕೆ ಆಗದವರು ಇಳಿಜಾರಿನ ಮೇಲಿಂದ ಚೆಂಡು ಉರುಳಿಸುತ್ತಾರೆ. ಆ ಇಳಿಜಾರನ್ನು ಸರಿಸಿಕೊಡೋಕೆ ಒಬ್ಬ ಸಹಾಯಕ ಇರುತ್ತಾನೆ. ಆದರೆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು. ತಿರುಗಿ ನೋಡುವ ಹಾಗಿಲ್ಲ. ಎಡಕ್ಕೆ, ಬಲಕ್ಕೆ, ಸ್ವಲ್ಪ ಎತ್ತರ, ಎಲ್ಲಾ ಆಟಗಾರನೇ ಹೇಳಬೇಕು. ನಾವು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಇಳಿಜಾರು ಮಾಡಿ ಆಡಿಸಿದಾಗ ಮಕ್ಕಳಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಬೆನ್ನು ತಿರುಗಿಸಿ ಕೂರೋಕೆ ಅವರಿಂದ ಆಗುತ್ತಲೇ ಇರಲಿಲ್ಲ. "ನಾ ಹೇಳ್ತೇನಿ ಬಿಡ" ಅಂತ ತಿರುಗಿಬಿಡೋರು. ಸಹಾಯ ಮಾಡೋದು ಅಂದರೆ ಅವರ ಪರವಾಗಿ ನಾವೇ ತೀರ್ಮಾನ ಮಾಡೋದು ಅಂತ ಎಷ್ಟು ಬೇಗ ಕಲಿತುಬಿಡುತ್ತೇವೆ ಅಲ್ವಾ? ಕೈಪಿಡಿಯಲ್ಲಿ ಈ ನಿಯಮದ ಸುದ್ದಿಯೇ ಇಲ್ಲ.

ಚಿತ್ರದ ಕಾರ್ಡುಗಳು ನನ್ನ ದೊಡ್ಡ ತಕರಾರು. 20 ಕಾರ್ಡಿನಲ್ಲಿ ಕರ್ನಾಟಕದವರು ಒಬ್ಬರೂ ಇಲ್ಲ. ಅದನ್ನಾದರೂ ಬಿಡೋಣ. ಪ್ರತಿ ಕಾರ್ಡಿನ ಹಿಂದೆ ಏನಿದೆ ಅಂದರೆ ಅಪಘಾತ ಹೇಗಾಯಿತು, ಎಷ್ಟು ನೋವಾಯಿತು, ಅಮ್ಮ ಎಷ್ಟು ಅತ್ತರು. ಎಷ್ಟು ದೂರ ಎಸೆದರು, ಎಷ್ಟು ಎತ್ತರ ಹಾರಿದರು ಅನ್ನೋದು ಇಲ್ಲ! ಕ್ರಿಕೆಟ್ ಆಟಗಾರರ ಕಾರ್ಡಿನಲ್ಲಿ ರನ್ ಬಿಟ್ಟು ಬರೀ ಕಾಯಿಲೆ ಬರೆದರೆ ಯಾರಾದರೂ ಒಪ್ಪುತ್ತಾರಾ? ಕಾರ್ಡುಗಳನ್ನು ಕಪಾಟಿಗೆ ಹಾಕಿ ನಾವೇ ಹೊಸದು ಬರೆದೆವು, ಈ ಸಲ ಅಂಕಿ ಹಾಕಿ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಆ ಸಲ ಭಾರತಕ್ಕೆ ಬಂದ ಒಂದೇ ಒಂದು ಪದಕ ಅದು. ಹಾರಿದ್ದು 1.74 ಮೀಟರ್, ಒಂದು ಕಾಲಿನ ಬಲದ ಮೇಲೆ. ವರಾಂಡದ ಗೋಡೆಗೆ 1.74ಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಅದು ನನ್ನ ತಲೆಗಿಂತ ಮೇಲೆ. ಮಕ್ಕಳು ದಿನಾ ಊಟಕ್ಕೆ ಹೋಗುವಾಗ ಅದನ್ನು ಕೈಯಲ್ಲಿ ಮುಟ್ಟೋಕೆ ಹಾರುತ್ತಾರೆ. ಮೈಯೆಲ್ಲ ಆ ಎತ್ತರದ ಮೇಲಿಂದ ದಾಟಬೇಕು ಅಂತ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಸುಮಿತ್ ಅಂತಿಲ್ ಪ್ಯಾರಿಸ್‌ನಲ್ಲಿ ಎಸೆದ ಭರ್ಜಿ 70.59 ಮೀಟರ್ ಹೋಯಿತು. ಟೇಪ್ ಹಿಡಿದು ಅಳೆಯೋಕೆ ಹೊರಟರೆ ನಮ್ಮ ಮೈದಾನವೇ ಸಾಲಲಿಲ್ಲ. ಕಾಂಪೌಂಡ್ ದಾಟಿ, ರಸ್ತೆ ದಾಟಿ, ಆಚೆ ಹೊಲದಲ್ಲಿ ಕೋಲು ನೆಟ್ಟು ಬಂದರು. ಅವರಿಗೆ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ ಅನ್ನೋದನ್ನು ನಾನು ಕೋಲು ನೆಟ್ಟ ಮೇಲೆ ಹೇಳಿದೆ. ಮುಂದೆ ಎಲ್ಲರ ಪಾಠವನ್ನೂ ಇದೇ ಕ್ರಮದಲ್ಲಿ ಮಾಡಿದೆ, ಮೊದಲು ಸಾಧನೆ, ಆಮೇಲೆ ದೇಹ. ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿದ್ದು 37.33 ಸೆಕೆಂಡಿನಲ್ಲಿ. ಭಾರತದ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಮೊಬೈಲಿನ ಗಡಿಯಾರ ಹಚ್ಚಿ ಅಷ್ಟು ಹೊತ್ತು ಎಲ್ಲರೂ ಉಸಿರು ಬಿಗಿಹಿಡಿದು ಕೂತರು, ನಾಲ್ವರಿಗೆ ಮಾತ್ರ ಆಯಿತು.

ಶೀತಲ್ ದೇವಿಯ ವಿಡಿಯೋ ತೋರಿಸಿದ ದಿನ ಪಾಠ ಅಲ್ಲಿಗೇ ನಿಂತಿತು. ಎರಡೂ ಕೈ ಇಲ್ಲ, ಬಲಗಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು, ದವಡೆಯ ಬಲದಿಂದ ಬಾಣ ಬಿಡುತ್ತಾಳೆ. ಪ್ಯಾರಿಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ ಕಂಚು ಗೆದ್ದಾಗ ಅವಳಿಗೆ 17 ವರ್ಷ. ಮೂರು ಸಲ ಹಾಕಿಸಿಕೊಂಡು ನೋಡಿದರು, ಮರುದಿನ ಅರ್ಧ ತರಗತಿ ಕಾಲ್ಬೆರಳಲ್ಲಿ ಪೆನ್ಸಿಲ್ ಹಿಡಿದು ಹೆಸರು ಬರೆಯುತ್ತಿತ್ತು.

ಮೊದಲ ದಿನ "ಬೀಳ್ತಾರ್ರೀ" ಅಂದ ಹುಡುಗನಿಗೆ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಓಟ ತೋರಿಸಿದೆ. ಕಣ್ಣು ಕಾಣದ ಹುಡುಗಿ, ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 1,500 ಮೀಟರ್ ಚಿನ್ನ. ಪಕ್ಕದಲ್ಲಿ ದಾರಿ ತೋರಿಸುವ ಒಬ್ಬ ಓಟಗಾರ, ಇಬ್ಬರ ನಡುವೆ ಒಂದು ಸಣ್ಣ ದಾರ. ನಮ್ಮವರು ಹಾಗೆ ಕೈಗೆ ಲಾಡಿ ಕಟ್ಟಿಕೊಂಡು ಓಡಿದಾಗ ಮೂರೇ ಹೆಜ್ಜೆಗೆ ಬಿದ್ದರು, ಅದರಲ್ಲೂ ಕಣ್ಣು ಕಾಣುವವನೇ ಮೊದಲು ಬಿದ್ದ. ಕೈ ಬೀಸೋದು, ಹೆಜ್ಜೆ ಹಾಕೋದು ಇಬ್ಬರದೂ ಕೂಡಿಬರಬೇಕು. ಗುರಿ ಗೆರೆಯನ್ನು ಜೊತೆಗಾರ ಮೊದಲು ದಾಟಬಾರದು ಅಂತಲೂ ನಿಯಮ ಇದೆ.

ಕಿಟ್‌ನಲ್ಲಿ ಇಲ್ಲದ್ದು, ದುಡ್ಡೂ ಬೇಡದ್ದು ಅಂದರೆ ಕೂತು ಆಡುವ ವಾಲಿಬಾಲ್. ಒಂದು ಹಗ್ಗ ಸಾಕು. ಗಂಡಸರ ಆಟದಲ್ಲಿ ಬಲೆ 1.15 ಮೀಟರ್, ಹೆಂಗಸರದ್ದು 1.05. ಚೆಂಡು ಮುಟ್ಟುವಾಗ ಕುಂಡಿ ನೆಲ ಬಿಡಬಾರದು. ನಮ್ಮ ಐದನೆಯಲ್ಲಿ ಒಬ್ಬ ಹುಡುಗಿಗೆ ಒಂದು ಕಾಲಿಗೆ ಬಲ ಕಡಿಮೆ. ಎರಡು ವರ್ಷ ಆಟದ ಅವಧಿಯಲ್ಲಿ ನಾನು ಅವಳ ಕೈಗೆ ಸ್ಕೋರ್ ಪುಸ್ತಕ ಕೊಟ್ಟು ಕೂರಿಸಿದ್ದೆ. ಅದು ನೆನಪಾದರೆ ಈಗಲೂ ಸಂಕಟ ಆಗುತ್ತೆ. ಕೂತು ಆಡುವಾಗ ಅಂಗೈ ಊರಿ ಸರ್ರನೆ ಸರಿಯೋದರಲ್ಲಿ ಅವಳನ್ನು ಮೀರಿಸುವವರು ಯಾರೂ ಇಲ್ಲ, ಉಳಿದವರೆಲ್ಲ ಹೊಸದಾಗಿ ಕಲಿಯುತ್ತಿದ್ದರು. ಈಗ ಚೆಂಡು ಗೆರೆ ಒಳಗೆ ಬಿತ್ತೋ ಹೊರಗೋ ಅಂತ ಎಲ್ಲರಿಗಿಂತ ಜೋರಾಗಿ ಜಗಳ ಮಾಡುವವಳು ಅವಳೇ. ಕುಂಟಿ ಅನ್ನೋ ಅಡ್ಡಹೆಸರು ನಮ್ಮ ತರಗತಿಯಲ್ಲಿ ದಸರಾ ರಜೆ ಮುಗಿದ ಮೇಲೆ ನನ್ನ ಕಿವಿಗೆ ಬಿದ್ದಿಲ್ಲ.

ಕೈಪಿಡಿಯ ಬದಲು ಏನು ಬಳಸಬೇಕು ಅಂತ ಕೇಳುವವರಿಗೆ: ಅಂತಾರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ 2017ರಲ್ಲಿ ಹೊರತಂದ 'ಐಯಾಮ್‌ಪಾಸಿಬಲ್' ಅನ್ನೋ ಪಾಠಗಳಿವೆ, 6ರಿಂದ 12 ವರ್ಷದ ಮಕ್ಕಳಿಗೆ ಅಂತಲೇ ಮಾಡಿದ್ದು, ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ನಾನು ಇಳಿಸಿಕೊಂಡದ್ದು ಇಂಗ್ಲಿಷಿನದು, ಭಾನುವಾರಗಳಲ್ಲಿ ಕೂತು ಕನ್ನಡಕ್ಕೆ ತಂದುಕೊಂಡೆ. ಆಟದ ನಿಯಮ, ಅಂಕಣ ಹಾಕೋದು, ಇರುವ ಸಾಮಾನಿನಲ್ಲೇ ಆಡಿಸೋದು ಎಲ್ಲಾ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಪ್ಯಾರಾ ಅಂದರೆ ಪಾರ್ಶ್ವವಾಯು ಅಲ್ಲ, ಗ್ರೀಕ್ ಭಾಷೆಯಲ್ಲಿ 'ಪಕ್ಕದಲ್ಲಿ', ಒಲಿಂಪಿಕ್ಸ್‌ನ ಪಕ್ಕದಲ್ಲಿ ನಡೆಯುವ ಆಟ ಅಂತ ಮೊದಲ ಪಾಠದಲ್ಲೇ ಹೇಳಿಬಿಡಿ. ನಮ್ಮ ಸಹಶಿಕ್ಷಕರಲ್ಲೇ ಇಬ್ಬರಿಗೆ ಅದು ಗೊತ್ತಿರಲಿಲ್ಲ.

ಪೂರ್ತಿ ಕಿಟ್‌ಗೆ ನನ್ನ ಕಡೆಯಿಂದ ಐದಕ್ಕೆ ಎರಡು. ಮತ್ತೆ ತಗೊಳ್ಳುವುದಾದರೆ ಗಂಟೆ ಚೆಂಡನ್ನು ಮಾತ್ರ ಬಿಡಿಯಾಗಿ ತರಿಸುತ್ತೇನೆ. ತರಿಸುವ ಮುಂಚೆ ತೂಕ ಮತ್ತು ರಂಧ್ರಗಳು ಇವೆಯೇ ಅಂತ ಕೇಳಿ, ರಂಧ್ರ ಇಲ್ಲದಿದ್ದರೆ ಗಂಟೆಯ ದನಿ ಹೊರಗೆ ಸರಿಯಾಗಿ ಬರೋದಿಲ್ಲ. ಮರಳು ಚೆಂಡಿಗೆ ದಪ್ಪ ಬಟ್ಟೆ ತಗೊಳ್ಳಿ, ಮರಳನ್ನು ಜರಡಿ ಹಿಡಿದು ಬಿಸಿಲಿಗೆ ಒಣಗಿಸಿ ತುಂಬಿ, ಎರಡು ಸಲ ಹೊಲಿಗೆ ಹಾಕಿಸಿ. ಒಂದೇ ಹೊಲಿಗೆಯದು ನಮ್ಮಲ್ಲಿ ಮೂರು ಒಡೆದವು.