ಮನೆಯ ಪಾಡ್‌ಕಾಸ್ಟ್‌ಗೆ ಬ್ಲೂ ಯೇತಿಯೋ, ಸ್ಯಾಮ್ಸನ್ ಕ್ಯೂ2ಯು ಮೈಕೋ?

ಮೈಕ್ ನೋಡುವ ಮೊದಲು ಕೋಣೆ ನೋಡಿ. ಮೈಸೂರಿನ ಅಗ್ರಹಾರದ ಹಳೆ ಮನೆಯಾದರೆ ಎತ್ತರದ ಚಾವಣಿ, ಬರಿ ನೆಲ, ಮಾತೆಲ್ಲ ಗುಂಯ್‌ಗುಡುತ್ತದೆ. ಕುವೆಂಪುನಗರದಲ್ಲಿ ರಸ್ತೆ ಬದಿಯ ಮನೆಯಾದರೆ ಸೊಪ್ಪಿನವರ ಕೂಗು, ಬೈಕ್ ಹಾರ್ನ್.

ಯೇತಿ ಕಂಡೆನ್ಸರ್ ಮೈಕ್, ಅಂದರೆ ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಬಗೆ. ಒಳಗೆ ಸದ್ದು ಹಿಡಿಯುವ 3 ಕ್ಯಾಪ್ಸೂಲ್, ಯಾವ ದಿಕ್ಕಿನ ಸದ್ದು ಬೇಕೆಂದು ಆರಿಸಿಕೊಳ್ಳಲು 4 ಪ್ಯಾಟರ್ನ್. ಎದುರುಬದುರು ಕೂತ ಇಬ್ಬರ ಮಾತನ್ನು ಒಂದೇ ಮೈಕ್ ಹಿಡಿಯುತ್ತದೆ. ಸಂದರ್ಶನ ಮಾಡುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ದನಿಯ ಸಣ್ಣ ಏರಿಳಿತವೂ ಚೆನ್ನಾಗಿ ಬರುತ್ತದೆ. ಆದರೆ ಫ್ಯಾನ್ ಸದ್ದು, ಪಕ್ಕದ ಮನೆಯ ಕುಕ್ಕರ್ ಸೀಟಿ ಕೂಡ ಬರುತ್ತವೆ! ಇನ್ನೊಂದು ವಿಷಯ: ಇದರ ತುದಿಗಲ್ಲ, ಲೋಗೋ ಇರುವ ಬದಿಗೆ ಮಾತಾಡಬೇಕು. ತುಂಬ ಜನ ಇಲ್ಲೇ ಎಡವುತ್ತಾರೆ.

ಸ್ಯಾಮ್ಸನ್ ಡೈನಾಮಿಕ್ ಮೈಕ್, ಅಂದರೆ ಅಷ್ಟು ಸೂಕ್ಷ್ಮವಲ್ಲದ ಬಗೆ. ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು ಮಾತಾಡಿದರೆ ಗೇನ್ (ಮೈಕ್ ಹಿಡಿದ ದನಿಯನ್ನು ಹಿಗ್ಗಿಸುವ ಮಟ್ಟ) ಕಡಿಮೆ ಸಾಕು. ಹಾಗಾಗಿ ಕೋಣೆಯ ಗದ್ದಲ ಹಿಂದೆ ಸರಿಯುತ್ತದೆ. ನೀವು ದೂರ ಸರಿದರೆ ಮಾತ್ರ ದನಿ ಸೊರಗುತ್ತದೆ. ಕಂಪ್ಯೂಟರ್‌ಗೆ ಹಾಕುವ ಯುಎಸ್‌ಬಿ ಜೊತೆಗೆ, ಮಿಕ್ಸರ್‌ನಂಥ ಆಡಿಯೋ ಸಾಧನಗಳಿಗೆ ಜೋಡಿಸುವ ಎಕ್ಸ್‌ಎಲ್‌ಆರ್ ಕೂಡ ಇದೆ. ಮುಂದೆ ಮಿಕ್ಸರ್ ಕೊಂಡರೂ ಇದೇ ಮೈಕ್ ನಡೆಯುತ್ತದೆ ಅಲ್ವಾ, ಅದು ನನಗೆ ತುಂಬ ಇಷ್ಟ.

ಯುಎಸ್‌ಬಿಯಲ್ಲಿ ಎರಡರ ಡಿಜಿಟಲ್ ರೆಕಾರ್ಡಿಂಗ್ ಮಟ್ಟವೂ ಒಂದೇ: 16 ಬಿಟ್, 48 ಕಿಲೋಹರ್ಟ್ಸ್. ಹೆಡ್‌ಫೋನ್ ಜಾಕ್ ಎರಡರಲ್ಲೂ ಇದೆ.

ಒಬ್ಬರೇ ಮಾತಾಡುವ ಪಾಡ್‌ಕಾಸ್ಟ್‌ಗೆ ನಾನು ಸ್ಯಾಮ್ಸನ್ ಅನ್ನೇ ಹೇಳುತ್ತೇನೆ. ವೀಣೆಯನ್ನೋ ಕೊಳಲನ್ನೋ ಸದ್ದಿಲ್ಲದ ಕೋಣೆಯಲ್ಲಿ ರೆಕಾರ್ಡ್ ಮಾಡುವುದಾದರೆ ಯೇತಿ. ಯಾವುದೇ ತಗೊಳ್ಳಿ, ಮಾತಾಡುವಾಗ ಪ, ಬ ಅಕ್ಷರಗಳ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಬಿಡಬೇಡಿ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಹಾಕಿ.